ಚಿತ್ರ ತೋರಿಸದೆಯೇ ದೂರು: ಸ್ಟಾಪ್‌ಎನ್‌ಸಿಐಐ ಹೇಗಿದೆ?

ಹುಡುಗರ ಹಾಸ್ಟೆಲಿನ ವಾರ್ಡನ್ ಆದವನಿಗೆ ಈ ವಂಚಕರ ವರಸೆ ಬಾಯಿಪಾಠವಾಗಿಬಿಡುತ್ತದೆ. ಗುರುತಿಲ್ಲದ ಹುಡುಗಿಯ ಸ್ನೇಹದ ಕೋರಿಕೆ, ರಾತ್ರಿ ವಾಟ್ಸ್‌ಆ್ಯಪ್ ವಿಡಿಯೊ ಕರೆ, ಅರ್ಧ ನಿಮಿಷದ ರೆಕಾರ್ಡಿಂಗ್, ಬೆಳಗಾಗುವುದರೊಳಗೆ ಹಣದ ಬೇಡಿಕೆ. ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಪೊಲೀಸ್ ಅಧಿಕಾರಿಯ ಸೋಗು ಹಾಕಿದ ಇನ್ನೊಬ್ಬ, ‘ಯೂಟ್ಯೂಬಿನಿಂದ ವಿಡಿಯೊ ತೆಗೆಸುತ್ತೇನೆ’ ಎಂದು ಮತ್ತೆ ಕೈಚಾಚುತ್ತಾನೆ.

ಒಪ್ಪಿಗೆಯಿಲ್ಲದೆ ನಗ್ನ, ಖಾಸಗಿ ಚಿತ್ರ ಹರಡುವುದನ್ನು ತಡೆಯಲು ಬ್ರಿಟನ್ನಿನ ರಿವೆಂಜ್ ಪೋರ್ನ್ ಹೆಲ್ಪ್‌ಲೈನ್ ಎಂಬ ಸಹಾಯವಾಣಿ 2021ರಲ್ಲಿ ಶುರುಮಾಡಿದ ಉಚಿತ ಜಾಲತಾಣ ಸ್ಟಾಪ್‌ಎನ್‌ಸಿಐಐ. ಇದರಲ್ಲಿ ನನಗೆ ಹಿಡಿಸಿದ್ದು ಒಂದೇ, ಆದರೆ ದೊಡ್ಡದು: ಚಿತ್ರವನ್ನು ಯಾರ ಕೈಗೂ ಕೊಡಬೇಕಾಗಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ನಮ್ಮ ಮೊಬೈಲಿನಲ್ಲೇ ತಯಾರಾಗುತ್ತದೆ. ಹೊರಗೆ ಹೋಗುವುದು ಅದು ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ರೆಡಿಟ್ ಮುಂತಾದವು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಪತ್ತೆ ಹಚ್ಚಿ ತಡೆಯಬಲ್ಲವು. ‘ಸರ್, ನೀವು ನೋಡಲೇಬೇಕೇ?’ ಎಂದು ಕೇಳಿದ ಹುಡುಗನೊಬ್ಬ ಮಂಚದ ಮೇಲೆ ಗೋಡೆಗೆ ಮುಖಮಾಡಿ ಕುಳಿತು ಎಲ್ಲವನ್ನೂ ತಾನೇ ಮುಗಿಸಿದ. ನಾನು ಬಾಗಿಲ ಹೊರಗೆ ನಿಂತು ಪ್ರಶ್ನೆಗಳ ಅರ್ಥ ಹೇಳಿದೆನಷ್ಟೆ. ಕೊನೆಯಲ್ಲಿ ಸಿಗುವ ಪ್ರಕರಣ ಸಂಖ್ಯೆ ಮತ್ತು ಪಿನ್ ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ; ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಸಿದೆ.

ಕೊರತೆಗಳು ಸಣ್ಣವಲ್ಲ. ಸಂಕೇತ ತಯಾರಾಗಬೇಕಾದರೆ ಆ ಚಿತ್ರ ನಮ್ಮ ಬಳಿ ಇರಬೇಕು. ವಂಚಕ ಬೆದರಿಸಲು ಕಳಿಸಿದ ವಿಡಿಯೊವನ್ನು ಹೆದರಿದ ಹುಡುಗರು ಮೊದಲು ಅಳಿಸಿಹಾಕುತ್ತಾರೆ. ಕತ್ತರಿಸಿ ತಿದ್ದಿದ ಪ್ರತಿ ಕಣ್ತಪ್ಪಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ‘ನಿನ್ನ ಅಕ್ಕನ ವಾಟ್ಸ್‌ಆ್ಯಪಿಗೆ ಕಳಿಸುತ್ತೇನೆ’ ಎಂಬ ಬೆದರಿಕೆಗೆ ಇಲ್ಲಿ ಮದ್ದಿಲ್ಲ. ಖಾಸಗಿ ಸಂದೇಶದೊಳಗೆ ಇದು ಇಣುಕುವುದಿಲ್ಲ. ಹಾಗಾಗಿ ನಾನು ಮೊದಲು ಹೇಳುವುದು, ಒಂದು ರೂಪಾಯಿಯನ್ನೂ ಕೊಡಬೇಡ, ಸಂದೇಶ ಮತ್ತು ಯುಪಿಐ ವಿವರದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡು, ಅಕ್ಕನಿಗೆ ನೀನೇ ಮೊದಲು ಹೇಳಿಬಿಡು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು. ಈ ಜಾಲತಾಣದ ಸರದಿ ಅದಾದ ಮೇಲೆ.

18 ತುಂಬುವ ಮೊದಲು ತೆಗೆದ ಚಿತ್ರವಾದರೆ ಅಮೆರಿಕದ ‘ಟೇಕ್ ಇಟ್ ಡೌನ್’ ಜಾಲತಾಣ ಬಳಸಬೇಕು. ಕೆಲಸದ ಬಗೆ ಹೆಚ್ಚುಕಡಿಮೆ ಇದೇ. ಮೊದಲ ವರ್ಷದ ಹುಡುಗರಲ್ಲಿ ಹದಿನೇಳರವರೂ ಇರುವುದರಿಂದ ಊಟದ ಕೋಣೆಯ ಬಾಗಿಲಿಗೆ ಎರಡರ ವಿಳಾಸವನ್ನೂ ಅಂಟಿಸಿದ್ದೇನೆ.