ಚರ್ಮ ತಪಾಸಣಾ ಹಾಳೆ: ಆರು ತಿಂಗಳ ಬಳಕೆಯ ನಂತರ

ನಮ್ಮ ಆಸ್ಪತ್ರೆಯು ಚರ್ಮರೋಗ ವಾರ್ಡಿನ ಶುಶ್ರೂಷಕರಿಗೆಂದು ತರಿಸಿಕೊಂಡ ಎರಡು ಪುಟಗಳ ಮುದ್ರಿತ ತಪಾಸಣಾ ಹಾಳೆಯನ್ನು ಆರು ತಿಂಗಳಿನಿಂದ ಬಳಸುತ್ತಿದ್ದೇನೆ. ಅದಕ್ಕೆ ಮೊದಲು ನಮ್ಮ ನೋಟ್ಸ್‌ನಲ್ಲಿ ಪಾಳಿಯಿಂದ ಪಾಳಿಗೆ ಸಾಗಿಬರುತ್ತಿದ್ದುದು ‘ಡ್ರೆಸ್ಸಿಂಗ್ ಮಾಡಲಾಗಿದೆ, ಗಾಯ ಚೆನ್ನಾಗಿದೆ’ ಎಂಬ ಒಂದೇ ಸಾಲು. ಚೆನ್ನಾಗಿದೆ ಎಂದರೆ ಚಿಕ್ಕದಾಗಿದೆಯೋ, ಒಣಗಿದೆಯೋ, ವಾಸನೆ ನಿಂತಿದೆಯೋ ಎಂಬುದು ಬರೆದವರಿಗಷ್ಟೇ ತಿಳಿದಿರುತ್ತಿತ್ತು.

ಹಾಳೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ದೇಹದ ಮುಂಬದಿ ಹಿಂಬದಿಗಳ ರೇಖಾಚಿತ್ರ. ಪೆಂಫಿಗಸ್ ಎಂಬ, ಬೊಕ್ಕೆಗಳೇಳುವ ಚರ್ಮರೋಗವಿರುವವರ ಮೈಮೇಲೆ ಹೊಸ ಬೊಕ್ಕೆಗಳು ಎಲ್ಲಿ ಎದ್ದಿವೆ, ಒಡೆದು ಹಸಿಯಾಗಿರುವ ಜಾಗ ಯಾವುದು ಎಂದು ಗುರುತು ಹಾಕಿಟ್ಟರೆ, ಎರಡು ದಿನಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ವೈದ್ಯರು ರೋಗದ ಏರಿಳಿತವನ್ನು ರೌಂಡ್ಸ್ ಹೊತ್ತಿನಲ್ಲೇ ಅಂದಾಜು ಮಾಡಬಲ್ಲರು. ಬೆರಳುಗಳೂ ಸೇರಿದಂತೆ ರೋಗಿಯ ಅಂಗೈ ಅವರ ಮೈಚರ್ಮದ ಸುಮಾರು ಶೇ. 1ರಷ್ಟಾಗುತ್ತದೆ ಎಂಬ ಸೂಚನೆಯನ್ನು ಚಿತ್ರದ ಕೆಳಗೇ ಅಚ್ಚು ಹಾಕಿರುವುದು ಜಾಣತನ; ರೋಗ ಎಷ್ಟು ಹರಡಿದೆ ಎಂದು ಅಂಗೈ ಲೆಕ್ಕದಲ್ಲೇ ಅಂದಾಜಿಸಬಹುದು. ಗಾಯದ ಉದ್ದ, ಅಗಲ, ಆಳಗಳನ್ನು ಸೆಂಟಿಮೀಟರಿನಲ್ಲಿ ಬರೆಯುವ ಕಾಲಂಗಳೂ ಇವೆ.

ಹಾಸಿಗೆ ಹುಣ್ಣಿನ ಭಾಗ ಮಾತ್ರ ಅವಸರದಲ್ಲಿ ಮಾಡಿದಂತಿದೆ. ಹಾಸಿಗೆ ಹುಣ್ಣಾಗುವ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕದಲ್ಲಿ ಆರು ಅಂಶಗಳಿಗೆ ಬೇರೆ ಬೇರೆ ಅಂಕಗಳಿದ್ದು, ಒಟ್ಟು 6ರಿಂದ 23ರವರೆಗೆ ಬರುತ್ತದೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಹಾಳೆಯಲ್ಲಿ ಒಟ್ಟು ಅಂಕಕ್ಕೆ ಮಾತ್ರ ಜಾಗವಿರುವುದರಿಂದ, ಅಂಕ ಇಳಿದದ್ದು ತೇವದಿಂದಲೋ ಪೋಷಣೆಯ ಕೊರತೆಯಿಂದಲೋ ಎಂಬುದು ಮುಂದಿನ ಪಾಳಿಯವರಿಗೆ ತಿಳಿಯುವುದಿಲ್ಲ. ಬಣ್ಣಕ್ಕೆ ‘ಕೆಂಪು ಇದೆ’, ‘ಇಲ್ಲ’ ಎಂಬ ಎರಡೇ ಚೌಕಗಳು. ಇದನ್ನು ರೂಪಿಸಿದವರು ನಮ್ಮ ರೋಗಿಗಳ ಮೈಬಣ್ಣವನ್ನು ನೋಡಿಲ್ಲವೇ ಎನಿಸುತ್ತದೆ. ಕಪ್ಪು ಚರ್ಮದಲ್ಲಿ ಮೊದಲ ಹಂತದ ಹಾಸಿಗೆ ಹುಣ್ಣು ಕೆಂಪಾಗಿ ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೋಯುತ್ತದೆಯೇ ಎಂದು ಮುಟ್ಟಿ, ಕೇಳಿ ಬರೆಯಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ರೋಗಿಯ ಮಾತಿಗೆ ಜಾಗವಿಲ್ಲದಿರುವುದು. ನವೆ ಎಂದವರನ್ನೂ ಉರಿ ಎಂದವರನ್ನೂ ಒಂದೇ ‘ತುರಿಕೆ’ಯ ಚೌಕಕ್ಕೆ ತಳ್ಳಬೇಕು. ಸರ್ಪಸುತ್ತಿನಲ್ಲಿ ಗುಳ್ಳೆಗಳು ಏಳುವ ಮೊದಲೇ ಮೈಯ ಒಂದು ಪಕ್ಕದಲ್ಲಿ ಉರಿ, ನೋವು ಶುರುವಾಗಿರಬಹುದಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಅದೇ ರೋಗಿ ನಾಟಿ ಮದ್ದಿನವರಲ್ಲಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದಿದ್ದರೆ, ಕೆಳಗಿನ ಗುಳ್ಳೆಯ ನಿಜವಾದ ಬಣ್ಣವಾಗಲಿ ಅಂಚಾಗಲಿ ಕಾಣುವುದಿಲ್ಲ. ದಾಖಲಾಗುವ ಮುನ್ನ ಏನು ಹಚ್ಚಲಾಗಿತ್ತು ಎಂಬ ಒಂದು ಸಾಲಿನ ಕಾಲಂ ಸಾಕಿತ್ತು.

ಇಷ್ಟಾದರೂ ಹಳೆಯ ನೋಟ್ಸ್‌ಗೆ ಮರಳಲು ನಾನು ಒಪ್ಪುವುದಿಲ್ಲ. ಮುಂದಿನ ಮುದ್ರಣದವರೆಗೆ ಉರಿ, ನವೆ, ಕೆಮ್ಮಣ್ಣುಗಳನ್ನು ಎಡಗಡೆಯ ಅಂಚಿನಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ.