ಹಿಮದ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ ಓದಿ: ಸ್ನೋಶೂ ಎಂದು ಹೇಳಿ ನಮಗೆ ಕೊಟ್ಟದ್ದು ಗಂಬೂಟು

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಕಳೆದ ವಾರದಿಂದ ಪ್ರವಾಸ ಏಜೆನ್ಸಿಯೊಂದರ ಜಾಹೀರಾತು ಹರಿದಾಡುತ್ತಿದೆ. ‘ಕೇದಾರಕಂಠ: ಸ್ನೋಶೂ ನಡಿಗೆ ಮತ್ತು ಸ್ಕೀ ಟೂರಿಂಗ್, ಆರು ದಿನ’ ಎಂದು ಬರೆದು (ಕೇದಾರಕಂಠ ಉತ್ತರಾಖಂಡದ ಹಿಮಾಲಯದ ಒಂದು ಶಿಖರ), ಕೆಳಗೆ ಹಿಮದಲ್ಲಿ ನಗುತ್ತ ನಿಂತಿರುವ ನಾಲ್ವರ ಚಿತ್ರ ಹಾಕಿದ್ದಾರೆ. ಆ ನಾಲ್ವರು ನಾನು, ನನ್ನ ಹೆಂಡತಿ, ಭಾವಮೈದುನ ಮತ್ತು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು. ಚಿತ್ರ ಹಾಕುವ ಮೊದಲು ನಮ್ಮನ್ನು ಯಾರೂ ಕೇಳಿಲ್ಲ. ನಾವು ನಗುತ್ತಿರುವುದು ನಿಜ; ಅದು ನಡಿಗೆಯ ಮೊದಲ ದಿನ ಬೆಳಿಗ್ಗೆ, ಮೋಸ ಗೊತ್ತಾಗುವುದಕ್ಕೆ ಅರ್ಧ ಗಂಟೆ ಮುಂಚೆ ತೆಗೆದ ಚಿತ್ರ. ಅದನ್ನು ನೋಡಿ ಇನ್ನೊಬ್ಬರು ಹಣ ಕಟ್ಟಬಾರದೆಂದು, ನಾಚಿಕೆಯನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾನು ಸಣ್ಣ ಕಾಫಿ ಬೆಳೆಗಾರ. ಅರೇಬಿಕಾ ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಒಂದು ವಾರ ಬಿಡುವು ಮಾಡಿಕೊಂಡು ಹಿಮಾಲಯ ನೋಡಬೇಕೆಂಬುದು ಬಹಳ ದಿನದ ಆಸೆಯಾಗಿತ್ತು. ನಮ್ಮ ಪೇಟೆಯ ಈ ಪ್ರವಾಸ ಏಜೆನ್ಸಿಯ ಮಾಲೀಕ ಮುಖಪರಿಚಯದವರು, ಮದುವೆಮನೆಗಳಲ್ಲಿ ಪಕ್ಕದಲ್ಲಿ ಕೂತು ಉಂಡವರು. ತಲೆಗೆ 24,500 ರೂಪಾಯಿಯಂತೆ ನಾಲ್ವರಿಗೆ 98,000 ರೂಪಾಯಿಯನ್ನು, ಅದೂ ಅಂಗಡಿಯ ಖಾತೆಗಲ್ಲ, ಅವರ ಭಾವನ ಫೋನ್‌ಪೇ ಸಂಖ್ಯೆಗೆ ಕಳಿಸಿದೆ. ಊರಿನವರಲ್ಲವೇ ಎಂಬ ಧೈರ್ಯ. ರಶೀದಿಯಲ್ಲಿ ‘ಸ್ನೋ ಶೂ, ಸ್ಕೀ, ಅರಣ್ಯ ಶುಲ್ಕ, ಊಟ ಎಲ್ಲ ಸೇರಿ’ ಎಂದು ಬರೆದುಕೊಟ್ಟರು.

ಇಲ್ಲಿ ನನ್ನ ಜಂಬದ ಮಾತನ್ನೂ ಹೇಳಿಬಿಡಬೇಕು. ಹೋಗುವ ಮೊದಲು ಒಂದು ತಿಂಗಳು ನೆಂಟರಿಷ್ಟರಿಗೆಲ್ಲ ಸ್ನೋಶೂ ಎಂದರೇನೆಂದು ನಾನೇ ಪಾಠ ಮಾಡಿದ್ದೆ. ಅದು ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಕೆಸರುಗದ್ದೆಯಲ್ಲಿ ಹಲಗೆ ಹಾಕಿಕೊಂಡು ದಾಟಿದ ಹಾಗೆ, ಮೈಭಾರ ಅಗಲಕ್ಕೆ ಹಂಚಿಹೋಗುವುದರಿಂದ ಕಾಲು ಮೆತ್ತನೆಯ ಹಿಮದಲ್ಲಿ ಹೂತುಹೋಗುವುದಿಲ್ಲ. ಹಿಮ್ಮಡಿ ಎತ್ತಲು ಬರುವಂತೆ ಮುಂಗಾಲಿನಲ್ಲಿ ಮಾತ್ರ ಬಿಗಿದಿರುತ್ತದೆ. ಜಾರದಿರಲು ಅಡಿಯಲ್ಲಿ ಹಲ್ಲುಗಳಿರುತ್ತವೆ. ಇಷ್ಟೆಲ್ಲ ಗೊತ್ತಿದ್ದವನು ನಾನು.

ನಡಿಗೆ ಶುರುವಾಗುವ ಸಂಕ್ರಿ ಎಂಬ ಊರಿಗೆ ಡೆಹ್ರಾಡೂನಿನಿಂದ ಸುಮಾರು 200 ಕಿಲೋಮೀಟರ್, ಇಡೀ ಹಗಲಿನ ಪ್ರಯಾಣ. ನೈಟ್ವಾಡದ ಅರಣ್ಯ ತಪಾಸಣಾ ಠಾಣೆಯಲ್ಲೇ ಮೊದಲ ಸೂಚನೆ ಸಿಕ್ಕಿತ್ತು. ಅಲ್ಲಿಂದ ಮುಂದೆ ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನ. ನಮ್ಮ ಹೆಸರಿನಲ್ಲಿ ಶುಲ್ಕವೇ ಕಟ್ಟಿರಲಿಲ್ಲ, ನಾವೇ ಮತ್ತೆ ಕಟ್ಟಿದೆವು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಸಂಕ್ರಿ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದಲ್ಲಿಯೇ ಇದೆ, ಅಂದರೆ ನಮ್ಮ ರಾಜ್ಯದ ತುತ್ತತುದಿ ಅಲ್ಲಿಯವರಿಗೆ ಬಸ್ಸು ಇಳಿಯುವ ಜಾಗ, ಎಂದು ಎಲ್ಲರಿಗೂ ಹೇಳಿ ಖುಷಿಪಡುತ್ತಿದ್ದೆ.

ಮರುದಿನ ಬೆಳಿಗ್ಗೆ ಚಿತ್ರ ತೆಗೆಸಿಕೊಂಡದ್ದಾಯಿತು. ಬಳಿಕ ಸ್ಥಳೀಯ ಮಾರ್ಗದರ್ಶಿ ಒಂದು ಗೋಣಿಚೀಲ ತಂದು ನಮ್ಮ ಮುಂದೆ ಸುರಿದ. ಒಳಗಿದ್ದದ್ದು ಗಂಬೂಟು. ಕಪ್ಪು ರಬ್ಬರಿನ ಗಂಬೂಟು, ನಾಲ್ಕು ಜೊತೆ. ನಾನು ಇನ್ನೊಂದು ಚೀಲ ಬರಬಹುದೆಂದು ಕಾಯುತ್ತ ನಿಂತೆ. ಅಣ್ಣನ ಮಗಳು ಒಂದನ್ನು ಎತ್ತಿ ತಿರುಗಿಸಿ ನೋಡಿ, “ಚಿಕ್ಕಪ್ಪ, ಇದು ಮಳೆಗಾಲದಲ್ಲಿ ನಮ್ಮ ತೋಟದ ಆಳುಗಳು ಹಾಕಿಕೊಳ್ಳುವ ಬೂಟಲ್ಲವೇ?” ಎಂದಳು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಲಕ್ಷದ ಹತ್ತಿರ ಹಣ ಸುರಿದು, ನನ್ನ ಗೋದಾಮಿನ ಮೂಲೆಯಲ್ಲಿ ಬಿದ್ದಿರುವ ಬೂಟನ್ನೇ ಕಾಲಿಗೆ ಹಾಕಿಕೊಳ್ಳಲು ನಿಂತಿದ್ದೆ. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಲ್ಲಿಂದಲೇ ಊರಿಗೆ ಫೋನು ಮಾಡಿದೆ. ಮಾಲೀಕರು ಸ್ವಲ್ಪವೂ ತಡವರಿಸದೆ, “ಸ್ನೋ ಅಂದ್ರೆ ಹಿಮ, ಶೂ ಅಂದ್ರೆ ಬೂಟು. ಹಿಮದಲ್ಲಿ ಹಾಕೋ ಬೂಟು ಕೊಟ್ಟಿದ್ದಾರಲ್ಲ ಸಾರ್, ಇನ್ನೇನು ಬೇಕು?” ಎಂದರು. ಸ್ಕೀ ಎಲ್ಲಿ ಎಂದು ಕೇಳಿದ್ದಕ್ಕೆ, “ಅದು ಔಲಿ ಪ್ಯಾಕೇಜು ಸಾರ್, ಬೇಕಾದ್ರೆ ಮುಂದಿನ ಸಲ ಮಾಡಿಸೋಣ” ಎಂದರು. ರಶೀದಿಯಲ್ಲಿ ನೀವೇ ಬರೆದಿದ್ದೀರಲ್ಲ ಎಂದರೆ, “ನೆಟ್‌ವರ್ಕ್ ಸರಿಯಿಲ್ಲ” ಎಂದು ಫೋನು ಇಟ್ಟರು. ನನಗೆ ಅವರ ಮಾತು ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಜಾಹೀರಾತಿನಲ್ಲಿದ್ದ ಇನ್ನೊಂದು ಚಿತ್ರದಲ್ಲಿ ಕುರ್ಚಿಗಳ ಲಿಫ್ಟು ಇತ್ತು. ಅದು ಚಮೋಲಿ ಜಿಲ್ಲೆಯ ಔಲಿ ಎಂಬ ಸ್ಕೀ ತಾಣ. ನಾವು ಹೋದದ್ದು ಉತ್ತರಕಾಶಿ ಜಿಲ್ಲೆಗೆ. ಸ್ಕೀ ಟೂರಿಂಗ್ ಎಂದರೆ ಸ್ಕೀ ಹಲಗೆಯ ಅಡಿಗೆ ಹಿಂದಕ್ಕೆ ಜಾರದಂತಹ ಪಟ್ಟಿ ಅಂಟಿಸಿಕೊಂಡು, ಹಿಮ್ಮಡಿ ಬಿಡಿಸಿಟ್ಟು ಬೆಟ್ಟ ಹತ್ತುವುದು, ಮೇಲೆ ಹೋಗಿ ಪಟ್ಟಿ ಕಿತ್ತು ಹಿಮ್ಮಡಿ ಬಿಗಿದು ಜಾರಿ ಇಳಿಯುವುದು. ಔಲಿಯಲ್ಲಿ ಸರ್ಕಾರಿ ನಿಗಮ ಸ್ಕೀ ಕಲಿಸುವುದಕ್ಕೇ 7 ಮತ್ತು 14 ದಿನಗಳ ತರಬೇತಿ ಇಟ್ಟಿದೆ. ಸ್ಕೀ ಮುಟ್ಟಿಯೂ ನೋಡದವರನ್ನು ಆರು ದಿನದ ಪ್ರವಾಸದಲ್ಲೇ ಸ್ಕೀ ಮೇಲೆ ಬೆಟ್ಟ ಹತ್ತಿಸಿ ಇಳಿಸುತ್ತೇವೆ ಎಂಬ ಮಾತೇ ಸುಳ್ಳು. ಇದನ್ನು ಹಣ ಕಟ್ಟುವ ಮೊದಲು ತಿಳಿದುಕೊಳ್ಳಬೇಕಿತ್ತು. ನಾನು ಮರಳಿ ಬಂದ ಮೇಲೆ ತಿಳಿದುಕೊಂಡೆ.

ಹಣ ಹೋದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಶಿಖರದ ದಿನ. ಕೇದಾರಕಂಠ ಸುಮಾರು 3,800 ಮೀಟರ್. ನಸುಕಿಗೆ ಮುಂಚೆ ಹೊರಟಾಗ ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು. ನುಣುಪು ಅಡಿಯ ರಬ್ಬರ್ ಬೂಟು ಅದರ ಮೇಲೆ ನಿಲ್ಲುವುದೇ ಇಲ್ಲ. ಉಳಿದ ತಂಡದವರೆಲ್ಲ ಬೂಟಿಗೆ ಮುಳ್ಳಿನ ಸರಪಳಿ ಬಿಗಿದುಕೊಂಡು ಹೋಗುತ್ತಿದ್ದರು. ಹೆಂಡತಿ ಎರಡು ಸಲ ಜಾರಿ ಬಿದ್ದಳು, ಭಾವಮೈದುನನ ಕಾಲ್ಬೆರಳು ಮರಗಟ್ಟಿದವು. ಮಾರ್ಗದರ್ಶಿ ತನ್ನ ಮುಳ್ಳಿನ ಸರಪಳಿಯನ್ನೇ ಬಿಚ್ಚಿ ಹೆಂಡತಿಗೆ ಕೊಟ್ಟ. ತುದಿ ಕಾಣುತ್ತಿದ್ದಂತೆಯೇ ಹಿಂದಿರುಗಿದೆವು. ಬಿಸಿಲೇರಿ ಹಿಮ ಮೆತ್ತಗಾದ ಮೇಲೆ ದೇವದಾರು ಮರಗಳ ನಡುವೆ ಮೊಣಕಾಲಿನವರೆಗೆ ಹೂತುಕೊಳ್ಳುತ್ತ, ಗಂಬೂಟಿನೊಳಗೆ ಹಿಮ ತುಂಬಿಸಿಕೊಳ್ಳುತ್ತ ಇಳಿಯುವಾಗ, ನಿಜವಾದ ಸ್ನೋಶೂ ಏತಕ್ಕೆ ಬೇಕೆಂಬ ನನ್ನದೇ ಪಾಠ ಹೆಜ್ಜೆಹೆಜ್ಜೆಗೂ ನೆನಪಾಗುತ್ತಿತ್ತು.

ಆ ಮಾರ್ಗದರ್ಶಿ ಹುಡುಗನ ಮೇಲೆ ನನ್ನ ದೂರಿಲ್ಲ. ನಮ್ಮ ಬುಕಿಂಗು ಮೂರು ಕೈ ದಾಟಿ ಬಂದಿದೆಯೆಂದೂ, ತಲೆಗೆ ತಮಗೆ ತಲುಪಿದ್ದು 6,500 ರೂಪಾಯಿ ಮಾತ್ರವೆಂದೂ, ಸ್ನೋಶೂ ಎಂಬ ಮಾತನ್ನು ಯಾರೂ ಹೇಳಿಯೇ ಇಲ್ಲವೆಂದೂ ಅವನೇ ತಿಳಿಸಿದ.

ಊರಿಗೆ ಬಂದು ಅಂಗಡಿಗೆ ಹೋದೆ. ಕಾಫಿ ತರಿಸಿದರು. “ಹಿಮ ನೋಡಿದ್ರಿ ತಾನೇ ಸಾರ್?” ಎಂದರು. ಹಣದ ಮಾತೆತ್ತಿದಾಗ, ಮುಂದಿನ ಕುದುರೆಮುಖ ಪ್ಯಾಕೇಜಿನಲ್ಲಿ 2,000 ರೂಪಾಯಿ ರಿಯಾಯಿತಿ ಕೊಡುವುದಾಗಿ ಹೇಳಿದರು. ಕುದುರೆಮುಖಕ್ಕೆ ನನಗೆ ಇವರ ಪ್ಯಾಕೇಜು! ಅದಾದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದ್ದಾರೆ.

ಹೋಗಲೇಬೇಕೆನ್ನುವವರು ಕೊಡುವ ಸಾಮಾನಿನ ಚಿತ್ರವನ್ನು ಮೊದಲೇ ತರಿಸಿಕೊಳ್ಳಿ, ಬೆಟ್ಟದಲ್ಲಿ ಕರೆದೊಯ್ಯುವವರ ಜೊತೆ ನೇರವಾಗಿ ಮಾತಾಡಿ, ಭಾವನ ಸಂಖ್ಯೆಗೆ ಹಣ ಹಾಕಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಿದ್ಧವಾಗುತ್ತಿದೆ. ‘ಸ್ನೋ ಶೂ, ಸ್ಕೀ ಎಲ್ಲ ಸೇರಿ’ ಎಂಬ ಇದೇ ಬರಹದ ರಶೀದಿ ನಿಮ್ಮ ಬಳಿಯೂ ಇದ್ದರೆ ಹರಿಯದೆ ಇಟ್ಟುಕೊಂಡು ನನಗೆ ತಿಳಿಸಿ.