ಮಗುವಿನ ಕಣ್ಣಿನ ಪೊರೆ ತೆಗೆಸಿದ ಮೇಲೆ: ಒಂದು ಮಕ್ಕಳ ಕಣ್ಣಿನ ವಿಭಾಗದ ಸೇವೆ ಕುರಿತು

ನನ್ನ ಮಗನಿಗೆ ಮೂರು ವರ್ಷವಾಗಿದ್ದಾಗ ಬೇರೊಂದು ಆಸ್ಪತ್ರೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿ ಕೃತಕ ಮಸೂರ ಹಾಕಿಸಿದ್ದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ಏನೇನಾಗಬಹುದು ಎಂಬುದನ್ನು ಅಲ್ಲಿ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಎಂಟು ತಿಂಗಳ ನಂತರ ಮಗು ಮತ್ತೆ ತಲೆ ಓರೆ ಮಾಡಿ ನೋಡತೊಡಗಿದಾಗ ಗಾಬರಿಯಿಂದ ಈ ವಿಭಾಗಕ್ಕೆ ಬಂದೆವು. ಎರಡು ವರ್ಷಗಳಿಂದ ಇಲ್ಲಿಗೇ ಬರುತ್ತಿದ್ದೇವೆ.

ಮೊದಲ ದಿನವೇ ವೈದ್ಯರು ಕೋಣೆಯ ದೀಪ ಆರಿಸಿ, ತಮ್ಮ ಉಪಕರಣವನ್ನು ನನ್ನ ಕೈಗೆ ಕೊಟ್ಟು, ಅದರ ಬೆಳಕಿನಲ್ಲಿ ಮಗುವಿನ ಎರಡೂ ಕಣ್ಣುಗಳನ್ನು ನೋಡಲು ಹೇಳಿದರು. ಬಲಗಣ್ಣಿನ ಪಾಪೆ ಕೆಂಡದಂತೆ ಹೊಳೆಯುತ್ತಿತ್ತು. ಎಡಗಣ್ಣಿನದರ ನಡುವೆ ಬೂದಿ ಸವರಿದಂಥ ಮಬ್ಬು. ಹಳೆಯ ಮಸೂರದ ಅಳಿದುಳಿದ ಕೋಶಗಳು ಮಕ್ಕಳಲ್ಲಿ ಬಲುಬೇಗ ಬೆಳೆಯುವುದರಿಂದ ಇಂಥ ಎರಡನೆಯ ಪೊರೆ ದೊಡ್ಡವರಿಗಿಂತ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆಂದೂ, ದೊಡ್ಡವರಿಗಾದರೆ ಕುಳಿತಲ್ಲೇ ಲೇಸರ್‌ನಿಂದ ತೆರವು ಮಾಡಬಹುದೆಂದೂ, ಅಲುಗಾಡದೆ ಕೂರಲಾರದ ಮಗುವಿಗೆ ಅರಿವಳಿಕೆ ಕೊಟ್ಟು ಮಾಡಬೇಕಾಗುತ್ತದೆಂದೂ ಅವರು ತಿಳಿಸಿದರು. ಕಣ್ಣಾರೆ ಕಂಡಿದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನಲ್ಲಿ ಅನುಮಾನ ಉಳಿದಿರಲಿಲ್ಲ.

ಉರಿಯೂತ ತಗ್ಗಿಸಲು ಕೊಟ್ಟ ಸ್ಟೀರಾಯ್ಡ್ ಹನಿಗಳಿಂದ ಕಣ್ಣಿನ ಒತ್ತಡ ಏರಿದ್ದನ್ನು ಇವರು ಎರಡನೆಯ ವಾರದ ತಪಾಸಣೆಯಲ್ಲೇ ಹಿಡಿದು, ಹನಿ ಬದಲಿಸಿ, ಇಳಿಸಿದರು. ಒತ್ತಡ ಅಳೆಯುವ ಇವರ ಸಾಧನದ ಸಣ್ಣ ತುದಿ ಕಣ್ಣಿಗೆ ತಾಗಿದ ಕೂಡಲೇ ಹಿಂದೆ ಸರಿಯುತ್ತದೆ. ಮರಗಟ್ಟಿಸುವ ಹನಿಯೂ ಬೇಡ. ಮಗು ನನ್ನ ತೊಡೆಯ ಮೇಲೆ ಕುಳಿತು ಆರರವರೆಗೆ ಎಣಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಗ್ಲುಕೋಮಾ ಎಷ್ಟೋ ವರ್ಷಗಳ ಬಳಿಕವೂ ಕಾಣಿಸಿಕೊಳ್ಳಬಹುದಾದ್ದರಿಂದ ಈ ತಪಾಸಣೆ ಜೀವನಪೂರ್ತಿ ತಪ್ಪಬಾರದೆಂದು ಮಗುವಿನ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಟ್ಟಿದ್ದಾರೆ.

ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿ ಎಡಗಣ್ಣಿಗೆ ಕೆಲಸ ಕೊಡಬೇಕೆಂದು ಹೇಳಿದರಾದರೂ, ಕಿತ್ತೆಸೆಯುವ ಮಗುವನ್ನು ಒಲಿಸುವುದು ಹೇಗೆಂಬುದನ್ನು ಕಾಯುವ ಕೋಣೆಯಲ್ಲಿ ಸಿಕ್ಕ ಇನ್ನೊಬ್ಬ ತಾಯಿಯಿಂದ ಕಲಿತೆ.

ಇನ್ನೊಂದು ದೂರು ಇದಕ್ಕಿಂತ ಗಂಭೀರವಾದದ್ದು. ಕಣ್ಣು ಕೆಂಪಾಗಿ ನೋವು ಬಂದರೆ, ರೆಪ್ಪೆ ಊದಿಕೊಂಡರೆ ಒಂದು ಗಂಟೆಯೂ ತಡಮಾಡಬೇಡಿ ಎಂದು ಇವರೇ ಚೀಟಿ ಕೊಟ್ಟಿದ್ದರು. ಒಂದು ಭಾನುವಾರ ಸಂಜೆ ಹಾಗೇ ಆದಾಗ ಆ ಚೀಟಿಯಲ್ಲಿದ್ದ ಸಂಖ್ಯೆಗೆ ಹನ್ನೊಂದು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ರಾತ್ರಿಯೇ ಬೇರೆಡೆ ತೋರಿಸಿದೆವು, ಪುಣ್ಯಕ್ಕೆ ಸೋಂಕಾಗಿರಲಿಲ್ಲ. ಈ ವಿಭಾಗವನ್ನು ಬೇರೆ ತಂದೆತಾಯಿಯರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ. ರಜೆಯ ದಿನಕ್ಕೆ ಇನ್ನೊಂದು ಆಸ್ಪತ್ರೆಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ ಎಂದೂ ಸೇರಿಸುತ್ತೇನೆ.